ಸೀರೆಯ ನಾಲ್ಕನೆಯ ಮೂಲೆ

ಅರ್ಧ ಬಕೆಟ್ ನೇರಳೆ ಹಣ್ಣನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಇಷ್ಟನ್ನೂ ಏನು ಮಾಡುವುದಪ್ಪಾ ಎಂದು ನಿಂತಿದ್ದಾಗ ಗೇಟು ಸದ್ದಾಯಿತು. ಹೋದ ವರ್ಷದ ಜೂನ್ ತಿಂಗಳು, ಬೆಳಿಗ್ಗೆ ಏಳು ಗಂಟೆ ಇರಬಹುದು. ರಾತ್ರಿಯ ಮಳೆಗೆ ನಮ್ಮ ಬೀದಿಯ ನೇರಳೆ ಮರ ರಸ್ತೆಯನ್ನೆಲ್ಲ ಕಪ್ಪು ಮಾಡಿಟ್ಟಿತ್ತು. ಐದೂವರೆಗೇ ಎದ್ದು ಹೋಗಿ, ಬಿದ್ದದ್ದರಲ್ಲಿ ಒಡೆಯದ್ದನ್ನು ಆರಿಸಿ, ಕೈಗೆ ಎಟುಕುವ ಕೊಂಬೆಗಳನ್ನು ಛತ್ರಿಯ ಹಿಡಿಯಿಂದ ಬಗ್ಗಿಸಿ ಕಿತ್ತು, ಬಕೆಟ್ ಹೊತ್ತು ತಂದಿದ್ದೆ. ತಳ್ಳುಗಾಡಿಯವನು ಕಾಲು ಕಿಲೋಗೆ 60 ರೂಪಾಯಿ ಹೇಳುವ ಹಣ್ಣು. ಪುಕ್ಕಟೆ ಸಿಕ್ಕಿದ್ದಕ್ಕೆ ಮನಸ್ಸು ಹಿಗ್ಗಿತ್ತು. ಫೋಟೋ ತೆಗೆದು ಅಕ್ಕನಿಗೂ ಕಳಿಸಿ ಆಗಿತ್ತು.

ಗೇಟಿನಲ್ಲಿ ನಿಂತಿದ್ದವರು ಬುಟ್ಟಿಯಮ್ಮ. ನಮ್ಮ ಬನಶಂಕರಿಯ ಈ ನಾಲ್ಕೈದು ಬೀದಿಗಳಲ್ಲಿ ಅವರಿಗೆ ಅದೇ ಹೆಸರು. ಕನಕಪುರ ರಸ್ತೆಯ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಾರೆ, ತಲೆಯ ಮೇಲೆ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಮಡಿಸಿದ ಒಂದು ಹಳೆಯ ಸೀರೆ. ಅವತ್ತು ಬುಟ್ಟಿಯ ತಳ ಕಾಣುತ್ತಿತ್ತು. "ಕುಡಿಯಲು ಒಂದು ಲೋಟ ನೀರು ಕೊಡಿ ಅಮ್ಮಾ. ಇವತ್ತು ಯಾರೋ ನಮಗಿಂತ ಮೊದಲೇ ಬಂದು ಹೋಗಿದ್ದಾರೆ" ಎಂದರು. ನೀರು ಕೊಟ್ಟೆ. ಲೋಟ ವಾಪಸ್ಸು ಕೊಡುವಾಗ ಅವರು ನನ್ನ ಬೆರಳುಗಳನ್ನು ನೋಡಿದರು. ನಾನೂ ನೋಡಿಕೊಂಡೆ. ಉಗುರಿನ ಸಂದಿನವರೆಗೂ ನೇರಳೆ ಬಣ್ಣ. ಅವರು ಏನೂ ಹೇಳಲಿಲ್ಲ, ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಟುಹೋದರು.

ಬಕೆಟ್ಟಿನ ಹಣ್ಣಿನ ಕತೆಯನ್ನೂ ಹೇಳಿಬಿಡುತ್ತೇನೆ. ನೇರಳೆ ಮಾವಿನಂತಲ್ಲ, ಕಿತ್ತ ಮೇಲೆ ಮಾಗುವುದಿಲ್ಲ, ಕಾಯುವುದೂ ಇಲ್ಲ. ಎರಡು ದಿನಕ್ಕೆ ಮೆತ್ತಗಾಗಿ ಹುಳಿವಾಸನೆ ಹಿಡಿಯುತ್ತದೆ. ಅಷ್ಟು ತಿನ್ನಲು ಮನೆಯಲ್ಲಿ ಇರುವುದು ಇಬ್ಬರು. ಜಾಮ್ ಮಾಡಲು ಹೋದೆ, ತಳ ಹಿಡಿಯಿತು. ಮೂರು ಶೀಶೆ ಆಯಿತು. ಎರಡನ್ನು ಹಂಚಿದೆ, ಮೂರನೆಯದರ ಮೇಲೆ ಶ್ರಾವಣದ ಹೊತ್ತಿಗೆ ಬೂಷ್ಟು. ಬುಟ್ಟಿಯಮ್ಮನ ಕೈಯಲ್ಲಿ ಅದೇ ಹಣ್ಣು ಅವತ್ತು ಮಧ್ಯಾಹ್ನದೊಳಗೆ ಅಕ್ಕಿ, ಬಸ್ಸಿನ ಚಾರ್ಜು, ಮೊಮ್ಮಗನ ನೋಟ್‌ಬುಕ್ಕು ಆಗುತ್ತಿತ್ತು. ಈ ಲೆಕ್ಕ ಒಂದು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿದೆ. ಬೀದಿಯ ಮರ ಎಲ್ಲರದೂ ಹೌದು. ಹಾಗಾದರೆ ಅದರ ಹಣ್ಣು?

ಹಣ್ಣು ಕಸವಾಗುವುದು ಹೇಗೆ

ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಆ ಮರಕ್ಕೆ ಬೇರೆಯೇ ಹೆಸರಿದೆ: 'ಆ ಗಲೀಜು ಮರ.' ಮೇ ಕೊನೆಯಿಂದ ಜುಲೈವರೆಗೆ ಅದರ ಕೆಳಗೆ ಕಾರು ನಿಲ್ಲಿಸುವವರ ಗೋಳು ಕೇಳುವ ಹಾಗಿಲ್ಲ. ಬಿಳಿ ಕಾರಾದರೆ ಇನ್ನೂ ಕಷ್ಟ. ನೊಣ, ಜಾರಿಕೆ, ರಾತ್ರಿ ಬಾವಲಿಗಳ ಚೀತ್ಕಾರ, ಬೆಳಿಗ್ಗೆ ಗೋಡೆಯ ಮೇಲೆ ಅವುಗಳ ಹಿಕ್ಕೆ. ಪ್ರತಿ ವರ್ಷ ಯಾರಾದರೊಬ್ಬರು "ಕಡಿಸಿಬಿಡೋಣ" ಎನ್ನುತ್ತಾರೆ. ಮತ್ತೊಬ್ಬರು 1976ರ ಮರ ಸಂರಕ್ಷಣಾ ಕಾಯ್ದೆಯನ್ನು ನೆನಪಿಸುತ್ತಾರೆ: ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಅಲ್ಲಿಗೆ ಮಾತು ನಿಂತು, "ಕೊಂಬೆಯಾದರೂ ಸವರಿಸೋಣ" ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಒಂದು ವರ್ಷ ಹೂ ಕಚ್ಚುವ ಹೊತ್ತಿಗೇ ಸವರಿಸಿದರು. ಆ ಜೂನ್ ತಿಂಗಳಲ್ಲಿ ರಸ್ತೆ ಬೆಳ್ಳಗೆ ಚೊಕ್ಕಟವಾಗಿತ್ತು, ಗುಂಪಿನಲ್ಲಿ ಹತ್ತು ಹೆಬ್ಬೆರಳುಗಳು ಎದ್ದವು. ಆ ಸಲ ಬುಟ್ಟಿಯಮ್ಮ ಬಂದು ಮರವನ್ನು ಸುತ್ತು ಹಾಕಿ ನೋಡಿ ಹೋದದ್ದನ್ನು ನಾನು ಮಹಡಿಯಿಂದ ಕಂಡಿದ್ದೆ. ಆಗ ನನಗೆ ಅದರ ಅರ್ಥವಾಗಿರಲಿಲ್ಲ.

ವಿಚಿತ್ರವೆಂದರೆ ಇದೇ ಜನ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಯ ನೇರಳೆಯನ್ನು, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ನೇರಳೆ ಬೀಜದ ಪುಡಿಯನ್ನು ದುಡ್ಡು ಕೊಟ್ಟು ತರುತ್ತಾರೆ. ಮರಕ್ಕೂ ಡಬ್ಬಿಗೂ ನಡುವೆ ಎಲ್ಲೋ ಒಂದು ಕಡೆ ಹಣ್ಣು ಕಸವಾಗಿ, ಮತ್ತೆ ಎಲ್ಲೋ ಹಣ್ಣಾಗುತ್ತದೆ. ನೆಲಕ್ಕೆ ಬಿದ್ದದ್ದನ್ನು ಎತ್ತಿಕೊಳ್ಳುವವರು ಇಲ್ಲದಿದ್ದರೆ ಅದು ಕಸ, ಇದ್ದರೆ ಫಸಲು. ಕೆಳಗೆ ಬುಟ್ಟಿ ಇಲ್ಲದ ಮರದ ತಪ್ಪೇನು?

ಶಾಲೆಯಲ್ಲಿ ನಾವೆಲ್ಲರೂ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ ಸಾಲೊಂದಿದೆ: ಅಶೋಕನು ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನು. ಅಶೋಕನ ಏಳನೆಯ ಸ್ತಂಭಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ಹಾಕಿಸಿದ ಆಲದ ಮರಗಳ ಜೊತೆಗೆ ಮಾವಿನ ತೋಪುಗಳ ಮಾತೂ ಬರುತ್ತದೆ. ನಮಗೆ ಸಾಲುಮರ ನೆನಪಿದೆ, ಮಾವು ಮರೆತಿದೆ. ಬೆಂಗಳೂರಿನ ಮಟ್ಟಿಗೆ ಇದಕ್ಕೆ ಒಂದು ಕಾರಣವನ್ನು ಊಹಿಸಬಲ್ಲೆ. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ಸಸ್ಯತಜ್ಞ ಕೃಂಬಿಗಲ್, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿದರು. ನಾವು ಇಂದಿಗೂ ಅದಕ್ಕೆ ಋಣಿಗಳು. ಫೆಬ್ರವರಿಯಲ್ಲಿ ಊರೆಲ್ಲ ಗುಲಾಬಿಯಾದಾಗ ನಾನೂ ಫೋಟೋ ತೆಗೆಯುವವಳೇ. ಆದರೆ ಆ ಕಣ್ಣಿಗೆ ಒಗ್ಗಿದ ಮೇಲೆ ಮರವೆಂದರೆ ನೋಡುವ ವಸ್ತುವಾಯಿತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಟ್ಟರು. ಹೊಂಗೆ, ಬೇವು, ನೇರಳೆಯಂಥವು ನಮ್ಮ ಬಡಾವಣೆಗಳಲ್ಲಿ ಇಂದು ದೊಡ್ಡ ಮರಗಳಾಗಿ ನಿಂತಿವೆ. ಹೊಂಗೆಗೂ ನೇರಳೆಗೂ ಹೂ ಇಲ್ಲವೆಂದಲ್ಲ. ಆದರೆ ಅವುಗಳನ್ನು ನೋಡಲು ಯಾರೂ ಕಾರು ನಿಲ್ಲಿಸುವುದಿಲ್ಲ.

ಅಜ್ಜಿಯ ಎರಡು ಮರ

ನನ್ನ ಅಜ್ಜಿಯ ಊರು ಗುಬ್ಬಿಯ ಹತ್ತಿರ. ಬೇಸಿಗೆ ರಜೆಗೆ ಮೊಮ್ಮಕ್ಕಳೆಲ್ಲ ಸೇರಿದರೆ ಅಜ್ಜಿ ನಮ್ಮನ್ನು ಹೊಂಗೆ ಕಾಯಿ ಆರಿಸಲು ಅಟ್ಟುತ್ತಿದ್ದರು. ಬಿಸಿಲೇರುವ ಮುನ್ನ ಗೋಣಿಚೀಲ ಹಿಡಿದು ಬೇಲಿಸಾಲು, ಕೆರೆ ಏರಿ, ಬಸ್ ರಸ್ತೆಯ ಬದಿ. ತಂದದ್ದನ್ನು ಅಂಗಳದಲ್ಲಿ ಹರವಿ, ನಾಲ್ಕು ದಿನ ಒಣಗಿಸಿ, ಕೋಲಿನಿಂದ ಬಡಿಯುವುದು. ಒಣಗಿದ ಕಾಯಿ ಚಟ್ ಎಂದು ಬಿರಿದು, ಒಳಗಿನಿಂದ ಕೆಂಪು-ಕಂದು ಬಣ್ಣದ ಚಪ್ಪಟೆ ಬೀಜ ಹೊರಬರುತ್ತದೆ. ಕೈಯಲ್ಲಿ ತಿಕ್ಕಿದರೆ ಕಹಿ ವಾಸನೆ. ಎಷ್ಟು ತೊಳೆದರೂ ಊಟದ ಹೊತ್ತಿಗೆ ಅನ್ನಕ್ಕೂ ಆ ವಾಸನೆ. ಸೇರಿಗೆ ಎಂಟಾಣೆ ಸಿಗುತ್ತಿತ್ತು. ಗಾಣದವನ ಬಳಿ ಹಾಕಿಸಿದರೆ ನಾಲ್ಕು ಕಿಲೋ ಬೀಜಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಎಣ್ಣೆ: ದೀಪಕ್ಕೆ, ದನದ ಹುಣ್ಣಿಗೆ, ಕಜ್ಜಿಗೆ. ಹಿಂಡಿ ಗದ್ದೆಗೆ. ತಿನ್ನುವ ಎಣ್ಣೆಯಲ್ಲವಾದ್ದರಿಂದ ಅದಕ್ಕೆ ಒಂದು ಮೂಲೆಯ ಡಬ್ಬ ಬೇರೆಯೇ ಇತ್ತು. (ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಇದೇ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿದ್ದನ್ನು ಓದಿದಾಗ, ಅಜ್ಜಿ ಇದ್ದಿದ್ದರೆ "ನಮ್ಮ ದೀಪದ ಎಣ್ಣೆಯೇ?" ಎನ್ನುತ್ತಿದ್ದರು ಅನ್ನಿಸಿತು.)

ಆದರೆ ಅಜ್ಜಿಗೆ ಒಂದು ಕಟ್ಟಳೆ ಇತ್ತು. ಬಸ್ ರಸ್ತೆಯಲ್ಲಿ, ಊರ ಬಾಗಿಲಿನ ಹತ್ತಿರದ ಎರಡು ಹೊಂಗೆ ಮರಗಳನ್ನು ಮುಟ್ಟಬಾರದು. ಅವು ಗಂಡ ಸತ್ತ, ಮಕ್ಕಳಿಲ್ಲದ ಒಬ್ಬ ಮುದುಕಿಯ ಮರಗಳು. ಅವಳು ನೆಟ್ಟಿದ್ದಲ್ಲ, ಅವಳ ಜಮೀನೂ ಅಲ್ಲ, ಸರ್ಕಾರಿ ರಸ್ತೆ. ಆದರೂ ಅವಳವು. ಒಂದು ವರ್ಷ ನನ್ನ ಸೋದರಮಾವನ ಮಗ, ಚೀಲ ಬೇಗ ತುಂಬಲಿ ಎಂದು ಆ ಎರಡು ಮರದ ಕೆಳಗೂ ಬಳಿದುಕೊಂಡು ಬಂದ. ಅಜ್ಜಿಗೆ ಹೇಗೆ ಗೊತ್ತಾಯಿತೋ! ಬೈಯಲಿಲ್ಲ, ಹೊಡೆಯಲಿಲ್ಲ. ಚೀಲವನ್ನು ಅವನ ಹೆಗಲಿಗೆ ಹೊರಿಸಿ, ತಾವೂ ಜೊತೆಗೆ ನಡೆದು, ಆ ಮುದುಕಿಯ ಗುಡಿಸಲಿನ ಮುಂದೆ ಪೂರ್ತಿ ಸುರಿಸಿದರು. ಆ ಎರಡು ಮರದ್ದಷ್ಟೇ ಅಲ್ಲ, ಅವನ ಇಡೀ ಬೆಳಗಿನ ದುಡಿಮೆ. ನಾವೆಲ್ಲ ಹಿಂದೆ ನಿಂತು ನೋಡುತ್ತಿದ್ದೆವು. ಮುದುಕಿ ಹೊರಗೆ ಬಂದು, "ಅಯ್ಯೋ, ಮಗು ತಿಳಿಯದೆ ಮಾಡಿದೆ ಬಿಡಿ ಅಮ್ಮಾ" ಎಂದು ಅವನ ಕೈಗೆ ಒಂದು ಬೆಲ್ಲದ ಚೂರು ಇಟ್ಟಳು. ಅವನು ಅದನ್ನು ತಿನ್ನಲೂ ಆಗದೆ, ಬಿಸಾಡಲೂ ಆಗದೆ ಮನೆಯವರೆಗೆ ಹಿಡಿದುಕೊಂಡೇ ಬಂದ, ಅಂಗೈಯೆಲ್ಲ ಅಂಟಾಗಿತ್ತು.

ಆ ಹಳ್ಳಿಯನ್ನು ರಾಮರಾಜ್ಯ ಮಾಡುವ ಆಸೆ ನನಗಿಲ್ಲ. ಯಾವ ಕೇರಿಯವರು ಯಾವ ಮರದ ಹತ್ತಿರ ಸುಳಿಯಬಾರದು ಎಂಬ ಕಟ್ಟಳೆಗಳೂ ಅದೇ ಊರಿನಲ್ಲಿದ್ದವು, ಅವುಗಳಲ್ಲಿ ಬೆಲ್ಲದ ಚೂರು ಇರಲಿಲ್ಲ. ಆದರೆ ಯಾರ ಹೆಸರಿಗೂ ಇಲ್ಲದ ಮರದ ಮೇಲೂ ಒಬ್ಬರ ಪಾಲು ಇರಬಹುದು, ಅದನ್ನು ಊರು ಕಾಗದವಿಲ್ಲದೆ ನೆನಪಿಟ್ಟುಕೊಳ್ಳಬಹುದು ಎಂಬುದನ್ನು ನಾನು ನೋಡಿದ್ದು ಅಲ್ಲಿಯೇ. ನೋಡಿದ್ದೆ, ಆದರೂ ಬಕೆಟ್ ಹಿಡಿದು ಹೋದೆ.

ಬುಟ್ಟಿಯಮ್ಮನ ಪಂಚಾಂಗ

ಆ ಜೂನ್ ಆದ ಮೇಲೆ ಅವರು ಬರುವುದು ಹೋಗುವುದರ ಮೇಲೆ ಕಣ್ಣಿಟ್ಟೆ. ನೀರು ಕೇಳಿದಾಗ ಕಾಫಿಯನ್ನೂ ಕೊಟ್ಟೆ (ಪ್ರಾಯಶ್ಚಿತ್ತ ಅಗ್ಗದ್ದೇ ಆಗಿತ್ತು), ಜಗಲಿಯಲ್ಲಿ ಕೂತು ಮಾತು ಬೆಳೆಯಿತು. ನಾನು ಇಪ್ಪತ್ತು ವರ್ಷದಿಂದ ಇರುವ ಬಡಾವಣೆಯನ್ನು ಅವರ ಬಾಯಲ್ಲಿ ಕೇಳಿದರೆ ಬೇರೆ ಊರಿನ ವರ್ಣನೆಯಂತಿರುತ್ತದೆ. ಅವರಿಗೆ ಮನೆ ನಂಬರು ಬೇಕಿಲ್ಲ. ಮೂರನೇ ಅಡ್ಡರಸ್ತೆ ಎಂದರೆ ಹುಣಸೆ. ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿಯ ಆಚೀಚೆ ಅದರ ಕೆಲಸ. ಒಳ್ಳೆಯ ವರ್ಷವಾದರೆ ಎರಡು ಚೀಲ, ಊರಿಗೆ ಒಯ್ದು ಕುಟ್ಟಿ ಬೀಜ, ನಾರು ಬಿಡಿಸಿ ಮಾರುವುದು. ಪಾರ್ಕಿನ ಹಿಂದಿನ ಗಲ್ಲಿ ಎಂದರೆ ಅಂಟುವಾಳ. ಯುಗಾದಿಗೆ ಮಾವಿನ ಎಲೆಯ ಜೊತೆ ಬೇವಿನ ಹೂ. ಬೇವು ಎಲ್ಲ ಕಡೆ ಇದ್ದರೂ ಹಬ್ಬದ ದಿನಕ್ಕೆ ಸರಿಯಾಗಿ ಹೂ ಇರುವ ಮರ ಯಾವುದು ಎಂಬುದು ಅವರಿಗೆ ಮಾತ್ರ ಗೊತ್ತು. ಚೌತಿಗೆ ಎಕ್ಕ ಮತ್ತು ಪತ್ರೆಗಳು, ವಿಜಯದಶಮಿಗೆ ಬನ್ನಿ, ಉತ್ಥಾನದ್ವಾದಶಿಗೆ ತುಳಸಿಯ ಪಕ್ಕದಲ್ಲಿ ನೆಡಲು ಕಾಯಿ ಇರುವ ನೆಲ್ಲಿ ಕೊಂಬೆ. ಆ ನೆಲ್ಲಿ ಕೊಂಬೆಯನ್ನು ಎಷ್ಟೋ ವರ್ಷ ನಾನು ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡಿ ತಂದಿದ್ದೇನೆ. ಅದು ಯಾವ ಮರದಿಂದ ಬಂತು ಎಂದು ಒಮ್ಮೆಯೂ ಕೇಳಿದವಳಲ್ಲ.

ಕೀಳುವುದಕ್ಕೂ ಅವರಿಗೆ ಲೆಕ್ಕಾಚಾರವಿದೆ. ನೇರಳೆ ಕೊಂಬೆ ನಂಬುವಂಥದಲ್ಲ, ನುಗ್ಗೆಯದು ಅದಕ್ಕಿಂತ ಬೇಗ ಮುರಿಯುವಂಥದು. ಹತ್ತುವ ಗಂಡುಹುಡುಗರು ಇದ್ದರೂ ಅವರು ಹತ್ತಿಸುವುದಿಲ್ಲ, ಕೊಕ್ಕೆ ಕಟ್ಟಿದ ದೋಟಿಯಿಂದ ಅಲ್ಲಾಡಿಸುತ್ತಾರೆ. ತುದಿಯ ಗೊಂಚಲು ಬಾವಲಿಗೆ, ಕೋಗಿಲೆಗೆ. "ಅವಕ್ಕೆ ಬಿಡದೆ ಕಿತ್ತರೆ ಮುಂದಿನ ವರ್ಷ ಮರ ಮುನಿಸಿಕೊಳ್ಳುತ್ತದೆ" ಎನ್ನುತ್ತಾರೆ. ಮುನಿಸು ಮರದ್ದೋ ಏನೋ, ದೋಟಿಗೆ ಎಟುಕದ್ದನ್ನು ದೇವರ ಪಾಲು ಎನ್ನುವುದು ಜಾಣತನವೂ ಹೌದು. ಬಸ್ಸು ಲಾರಿ ಓಡಾಡುವ ವರ್ತುಲ ರಸ್ತೆಯ ಮರಗಳನ್ನು ಅವರು ಮುಟ್ಟುವುದಿಲ್ಲ. "ಆ ಎಲೆ ತೊಳೆದರೆ ನೀರು ಕರಿಯಾಗುತ್ತದೆ." ಸೀಸ ಬೆರೆಸಿದ ಪೆಟ್ರೋಲ್ ನಮ್ಮಲ್ಲಿ 2000ದಲ್ಲಿ ನಿಂತಿತಾದರೂ ಮಣ್ಣು ಸೇರಿದ ಸೀಸ ಸುಲಭಕ್ಕೆ ಹೋಗುವಂಥದಲ್ಲ, ಸೊಪ್ಪಿನ ಮೇಲೆ ಕೂತ ದೂಳಂತೂ ದಿನದಿನದ್ದು. ಅವರ ಎಚ್ಚರಿಕೆ ಯಾವ ಪ್ರಯೋಗಾಲಯದ್ದೂ ಅಲ್ಲ, ಬಕೆಟ್ಟಿನ ನೀರಿನದು. ನನಗೆ ಅಷ್ಟು ಸಾಕು. ಕಾಡು ಕಣಗಿಲೆಯ ಹಸಿರು ಕಾಯಿಯನ್ನು ಆಟಕ್ಕೆ ಕಿತ್ತ ಪಕ್ಕದ ಮನೆಯ ಮಗುವಿನ ಕೈಯಿಂದ ಅದನ್ನು ಕಸಿದು ಚರಂಡಿಗೆ ಎಸೆದವರೂ ಅವರೇ. ಅದು ಜೀವ ತೆಗೆಯುವ ವಿಷ ಎಂಬುದು ಆ ಮಗುವಿನ ಓದಿದ ತಂದೆತಾಯಿಗೆ ತಿಳಿದಿರಲಿಲ್ಲ, ಬೇಲಿಗೆ ಚೆಂದವೆಂದು ನೆಡಿಸಿದ್ದರು.

ಮರದ ಬೆಲೆಯನ್ನು ನಾವು ಸಾಮಾನ್ಯವಾಗಿ ನೆರಳು, ಆಮ್ಲಜನಕ, ತಂಪು ಎಂದು ಹೇಳುತ್ತೇವೆ. ಇವೆಲ್ಲ ನಿಜ, ಆದರೆ ಇವುಗಳನ್ನು ಪಡೆಯಲು ಮರದ ಹೆಸರು ತಿಳಿದಿರಬೇಕಾಗಿಲ್ಲ. ಹಣ್ಣು ಹಾಗಲ್ಲ. ಯಾವ ವಾರ, ಯಾವ ಕೊಂಬೆ, ಹೋದ ಸಲ ಎಷ್ಟು, ಈ ಸಲ ಹೂ ಏಕೆ ಕಚ್ಚಲಿಲ್ಲ: ತೆಗೆದುಕೊಳ್ಳುವವರು ಇಷ್ಟನ್ನೂ ಗಮನಿಸಲೇಬೇಕು. ಮೂರನೇ ಅಡ್ಡರಸ್ತೆಯ ಹುಣಸೆಯ ಬುಡಕ್ಕೆ ಕಾಂಕ್ರೀಟ್ ಸುರಿದಾಗ ಮೊದಲು ಕೂಗಾಡಿದ್ದು ನಮ್ಮ ಪರಿಸರ ಪ್ರೇಮಿಗಳಲ್ಲ, ಬುಟ್ಟಿಯಮ್ಮ. ಕೆಲಸದವರ ಜೊತೆ ಜಗಳ ಕಾದು ಸುತ್ತ ಒಂದು ಅಡಿ ಮಣ್ಣು ಬಿಡಿಸಿದರು. ದೇವನಹಳ್ಳಿಯ ಹತ್ತಿರದ ನಲ್ಲೂರು ಹುಣಸೆ ತೋಪಿಗೆ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆ ಸಿಕ್ಕಿತು. ಸಿಗಬೇಕಾದದ್ದೇ. ಆದರೆ ನಗರದ ಒಂಟಿ ಹುಣಸೆಗಳಿಗೆಲ್ಲ ಮನ್ನಣೆ ಎಲ್ಲಿಂದ ತರುವುದು? ಅವುಗಳಿಗೆ ಇರುವುದು ಹುಳಿ ಬೇಕಾದವರು ಮಾತ್ರ.

ಹರಾಜು, ಹವ್ಯಾಸ, ಹಕ್ಕು

ಇದನ್ನು ಸ್ನೇಹಿತರೊಬ್ಬರಿಗೆ ಹೇಳಿದಾಗ ಅವರು ತಕ್ಷಣ ವ್ಯವಸ್ಥೆಯ ಮಾತೆತ್ತಿದರು: ಹರಾಜು ಹಾಕಬೇಕು. ಹೊಸ ಮಾತೇನಲ್ಲ. ಹಳ್ಳಿಗಳ ಕಡೆ ರಸ್ತೆಬದಿಯ ಹುಣಸೆಯ ಫಸಲನ್ನು ಹರಾಜು ಹಾಕುವುದು ಹಳೆಯ ರೂಢಿ. ಬೆಂಗಳೂರು ನುಂಗಿದ ಗುಂಡುತೋಪುಗಳಲ್ಲೂ ಮಾವು, ಹಲಸು, ನೇರಳೆಯ ಫಸಲಿಗೆ ಇಂಥದೇ ಏರ್ಪಾಡುಗಳಿದ್ದವು. ದೆಹಲಿಯಲ್ಲಿ ಹಳೆಯ ರಾಜಪಥದ ಸುತ್ತಮುತ್ತಲ ನೇರಳೆ ಮರಗಳ ಹಣ್ಣಿನ ಗುತ್ತಿಗೆ ಹರಾಜಾಗುತ್ತದೆ. ಮಳೆಗಾಲದ ಆರಂಭದಲ್ಲಿ ಗುತ್ತಿಗೆದಾರರ ಕಡೆಯವರು ಕೊಂಬೆ ಅಲ್ಲಾಡಿಸಿ, ಕೆಳಗೆ ಬಟ್ಟೆ ಹಿಡಿದು ಹಣ್ಣು ಉದುರಿಸುವುದು ಅಲ್ಲಿಯ ಋತುಮಾನದ ದೃಶ್ಯ. ಖಜಾನೆಗೂ ಕಾಸು, ರಸ್ತೆಯೂ ಚೊಕ್ಕಟ. ಆದರೆ ನಮ್ಮ ಬೀದಿಯ ಒಂದು ನೇರಳೆ, ಎರಡು ಹುಣಸೆಗೆ ಹರಾಜು ಕೂಗಿದರೆ ಬುಟ್ಟಿಯಮ್ಮ ಠೇವಣಿ ಕಟ್ಟಿ ಕೂಗುವರೇ? ಕೂಗುವವನೊಬ್ಬ ಬರುತ್ತಾನೆ, ಅವರು ಅವನ ಕೂಲಿಯಾಗುತ್ತಾರೆ, ಇಲ್ಲವೇ ಕಳ್ಳಿಯಾಗುತ್ತಾರೆ. ಇಂದು ಅವರು ಇವೆರಡೂ ಅಲ್ಲ.

ಇನ್ನೊಂದು ಕಡೆ ನನ್ನಂಥವರು. ಬೀದಿಮರಗಳ ನಡಿಗೆ, ಕಾಡುಸೊಪ್ಪಿನ ಗೊಜ್ಜು, ನೇರಳೆ ಶರಬತ್ತಿನ ಫೋಟೋ. ಇದನ್ನು ಹೀಯಾಳಿಸುವುದಿಲ್ಲ, ಗಸಗಸೆ ಹಣ್ಣನ್ನು ಮರದಿಂದಲೇ ಕಿತ್ತು ತಿಂದ ಮಗು ಆ ಮರವನ್ನು ಕಡಿಯಲು ಸುಲಭಕ್ಕೆ ಒಪ್ಪಲಾರದು ಎಂದು ನಾನೂ ನಂಬುತ್ತೇನೆ. ದಾರಿಯಲ್ಲಿ ಹೋಗುತ್ತಾ ನಾಲ್ಕು ಹಣ್ಣು ಬಾಯಿಗೆ ಹಾಕಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ನನ್ನ ತಕರಾರು ಬಕೆಟ್ಟಿನ ಮೇಲೆ. ಬಾಯಿಗೂ ಬಕೆಟ್ಟಿಗೂ ಎಲ್ಲಿ ಗೆರೆ ಎಳೆಯುವುದು ಎಂದು ಕೇಳಿದರೆ ಅಜ್ಜಿ ನಕ್ಕಾರು.

ಈ ವರ್ಷ ಜೂನ್ ಎರಡನೆಯ ವಾರ, ಆರು ಗಂಟೆಗೆ ನಾನೇ ಹೋಗಿ ಮರದ ಕೆಳಗೆ ನಿಂತಿದ್ದೆ, ಬರಿಗೈಯಲ್ಲಿ. ಹಿಂದಿನ ರಾತ್ರಿ ಎರಡು ಮನೆಗಳಿಗೆ ಹೋಗಿ ಕಾರುಗಳನ್ನು ಆಚೆ ತೆಗೆಸಿದ್ದೆ. ಒಬ್ಬರು ಮುಖ ಗಂಟಿಕ್ಕಿಕೊಂಡೇ ತೆಗೆದರು. ಬುಟ್ಟಿಯಮ್ಮ ಸೊಸೆಯನ್ನೂ ಮೊಮ್ಮಗನನ್ನೂ ಕರೆತಂದಿದ್ದರು. ಸೀರೆ ಬಿಚ್ಚಿದರು. ದೋಟಿ ಸೊಸೆಯ ಕೈಗೆ ಹೋಯಿತು. ಒಂದು ಮೂಲೆಯನ್ನು ಹುಡುಗ ಹಿಡಿದ, ಒಂದನ್ನು ಅವರು, ಒಂದನ್ನು ಎದುರುಮನೆಯ ಗೇಟಿಗೆ ಕಟ್ಟಿದರು. ನಾಲ್ಕನೆಯದು ನೆಲದ ಮೇಲಿತ್ತು. ನನ್ನ ಕಡೆ ನೋಡಿ, "ಹಿಡಿಯುತ್ತೀರಾ?" ಎಂದರು. ಹಿಡಿದೆ. ದೋಟಿ ಅಲ್ಲಾಡಿತು. ಮೊದಲು ನೀರಿನ ಹನಿ, ಆಮೇಲೆ ನಾಲ್ಕಾರು ಹಣ್ಣು, ಆಮೇಲೆ ಆಲಿಕಲ್ಲಿನ ಹಾಗೆ ದಡದಡ. ತಲೆ, ಕನ್ನಡಕ, ಬೆನ್ನು ಎಲ್ಲೆಲ್ಲೂ. "ಮೂಲೆ ಎತ್ತಿ ಹಿಡಿಯಿರಿ ಅಮ್ಮಾ, ಎಲ್ಲ ಚರಂಡಿಗೆ ಉರುಳುತ್ತಿದೆ!" ಎಂದು ಅವರು ಗದರಿಸಿದ್ದು ಇಡೀ ಬೀದಿಗೆ ಕೇಳಿರಬೇಕು.

ಕೊನೆಯಲ್ಲಿ ಪಾವಿನಿಂದ ಅಳೆದು ನನ್ನ ಪಾತ್ರೆಗೆ ಎರಡು ಪಾವು ಹಾಕಿದರು. ಎಷ್ಟು ಕೊಡಲಿ ಎಂದೆ. "ಒಂದು ಪಾವು ನಿಮ್ಮ ಕೂಲಿಗೆ ವಜಾ" ಎಂದು ಸೀರೆಯನ್ನು ಜಾಡಿಸಿ ಮಡಿಸಿದರು. "ಇನ್ನೊಂದಕ್ಕೆ ಮೂವತ್ತು ರೂಪಾಯಿ ಕೊಡಿ."